ಬೆಕ್ಕು ನೆಕ್ಕಿದ ಸೀಟು

ಕಾರು ತೊಳೆಯುವ ನಮ್ಮ ಅಂಗಡಿಯಲ್ಲಿ ಪ್ರತಿ ಗಾಡಿಯ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡ್ ಆ್ಯಪ್‌ನಲ್ಲಿ ಸೀಟಿಗೆ ಮೂರೇ ಆಯ್ಕೆ. ಲೆದರ್, ಆರ್ಟ್ ಲೆದರ್ (ಅಂದರೆ ನಕಲಿ ಚರ್ಮ), ಫ್ಯಾಬ್ರಿಕ್. ನಾಲ್ಕನೆಯದೊಂದು ಹಾಕಿಸಿ ಅಂತ ನಾನು ಓನರ್ ಹತ್ತಿರ ಹೇಳಿ ಹೇಳಿ ಸಾಕಾಗಿದೆ. "ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ ಬಿಡಪ್ಪ" ಅನ್ನುತ್ತಾರೆ. ಇನ್ನೂ ಬಂದಿಲ್ಲ. ಹಾಗಂತ ಅವತ್ತಿನ ಕಥೆಯನ್ನೆಲ್ಲ ಆ್ಯಪ್ ತಲೆಗೆ ಕಟ್ಟಿದರೆ ನಮ್ಮ ರಾಯಚೂರಿನ ಹುಡುಗ ಮುಸಿಮುಸಿ ನಗುತ್ತಾನೆ. ಬ್ರಷ್ ಯಾರ ಕೈಯಲ್ಲಿತ್ತು ಅಂತ ಅವನಿಗೆ ಗೊತ್ತು.

ಹೋದ ಆಗಸ್ಟ್, ಒಂದು ಶನಿವಾರ. ಕನಕಪುರ ರಸ್ತೆ ಕಡೆ ನಮ್ಮ ಅಂಗಡಿ. ಕಾರು ನಿಲ್ಲಿಸಿ ಕೆಲಸ ಮಾಡುವ ಎರಡು ಬೇ, ಸೀಟಿಗೆ ನೀರು ಬಿಟ್ಟು ಎಳೆಯುವ ಒಂದು ಎಕ್ಸ್‌ಟ್ರಾಕ್ಟರ್, ನಾಲ್ಕು ಜನ. ಮಳೆಗಾಲದಲ್ಲಿ ನಮಗೆ ಇಂಟೀರಿಯರ್ ಕೆಲಸವೇ ಜಾಸ್ತಿ. ಒದ್ದೆ ಛತ್ರಿ, ಕೆಸರು ಕಾಲು, ವಾರಗಟ್ಟಲೆ ಕಿಟಕಿ ಇಳಿಸದ ಕಾರು.

ಬೆಳಿಗ್ಗೆ ಮೊದಲು ಬಂದಿದ್ದು ಹಳದಿ ಬೋರ್ಡಿನ ಕ್ಯಾಬ್. ಹಿಂದಿನ ಸೀಟಿನಲ್ಲಿ ಯಾರದೋ ಮಗು ಹಾಲು ಕಕ್ಕಿ ಎರಡು ದಿನವಾಗಿತ್ತು. ಡೋರ್ ತೆಗೆದವರು ಒಂದು ಹೆಜ್ಜೆ ಹಿಂದೆ ಹೋಗುತ್ತಿದ್ದರು. ಡ್ರೈವರಣ್ಣ ಬೇರೆ ಎಲ್ಲೋ ಅದಕ್ಕೆ ಸ್ಟೀಮ್ ಹೊಡೆಸಿಕೊಂಡು ಬಂದಿದ್ದರು. ಅಲ್ಲಿಗೆ ಮುಗಿಯಿತು. ಹಾಲು, ಮೊಟ್ಟೆ, ರಕ್ತ ಇವುಗಳಿಗೆ ಮೊದಲು ತಣ್ಣೀರು. ಬಿಸಿ ತಗುಲಿದರೆ ಗಟ್ಟಿಯಾಗಿ ನೂಲನ್ನು ಕಚ್ಚಿಕೊಳ್ಳುತ್ತವೆ. ನಾನು ಒಣ ವ್ಯಾಕ್ಯೂಮ್ ಎಳೆದು, ತಣ್ಣೀರಲ್ಲಿ ನೆನೆಸಿ, ಎಂಜೈಮ್ ಹಾಕಿ ಬಿಟ್ಟು, ಆಮೇಲೆ ಎಪಿಸಿ, ಅಂದರೆ ಆಲ್ ಪರ್ಪಸ್ ಕ್ಲೀನರ್, ಒಂದಕ್ಕೆ ಹತ್ತು ನೀರು ಕಲಸಿ ಡ್ರಿಲ್ ಬ್ರಷ್ ಹಿಡಿದೆ. ಎಕ್ಸ್‌ಟ್ರಾಕ್ಟರ್ ಟ್ಯಾಂಕಿಗೆ ಬಂದ ನೀರು ಥೇಟ್ ವೃಷಭಾವತಿ.

ಬಟ್ಟೆ ಸೀಟಿಗೆ ನೀರು ಕುಡಿಸುವುದು ಯಾರು ಬೇಕಾದರೂ ಮಾಡುತ್ತಾರೆ. ಕಕ್ಕಿಸುವುದೇ ಕೆಲಸ. ಒಂದು ಸಲ ನೀರು ಬಿಟ್ಟರೆ ಮೂರು ಸಲ ಬರೀ ಎಳೆಯಬೇಕು. ಅವಸರ ಮಾಡಿದರೆ ಫೋಮಿಗೆ ಇಳಿದ ಕೊಳೆ ಅಲ್ಲೇ ಕೂತಿರುತ್ತದೆ. ಮೇಲಿನ ಬಟ್ಟೆ ಒಣಗುತ್ತಾ ಬಂದ ಹಾಗೆ, ಬತ್ತಿಗೆ ಎಣ್ಣೆ ಏರಿದ ಹಾಗೆ, ಅದು ನೀರಿನ ಜೊತೆ ಮೇಲೇರುತ್ತದೆ. ಸಂಜೆ ಬಿಳಿ, ಬೆಳಿಗ್ಗೆ ಎದ್ದು ನೋಡಿದರೆ ಕಲೆ ಹಾಜರ್. ಕಸ್ಟಮರ್ ಫೋನ್ ಮಾಡಿ, ಸುಮ್ನೆ ಸೆಂಟು ಹೊಡೆದು ಕಳಿಸಿದ್ರಾ ಅಂತ ಕೇಳುತ್ತಾರೆ. ಮಳೆಗಾಲದಲ್ಲಂತೂ ಡೋರ್ ತೆಗೆದು ಫ್ಯಾನ್ ಇಟ್ಟು ನಾಲ್ಕೈದು ಗಂಟೆ ಬಿಡಲೇಬೇಕು. ಇಲ್ಲದಿದ್ದರೆ ನೆಂದ ನಾಯಿ ವಾಸನೆ.

ಅವತ್ತು ಎಲ್ಲ ಸರಿಯಾಗಿ ಆಯಿತು. ಡ್ರೈವರಣ್ಣ ತಲೆ ಒಳಗೆ ಹಾಕಿ ಮೂಸಿ, "ಗುರು, ಹೊಸ ಗಾಡಿ ತರ ಮಾಡ್ಬಿಟ್ಟೆ" ಅಂದು ಎಲ್ಲರಿಗೂ ಟೀ ಕೊಡಿಸಿದರು. ನನಗೆ ಕೊಂಬು ಬಂತು. ಹನ್ನೊಂದು ವರ್ಷದಿಂದ ಸೀಟು ಉಜ್ಜುತ್ತಿದ್ದೇನೆ, ನನ್ನ ಕೈಗೆ ಆಗದ ಕಲೆ ಯಾವುದು ಅಂತ ಹುಡುಗನ ಮುಂದೆ ಭಾಷಣ ಬೇರೆ ಬಿಗಿದೆ.

ನಾಲ್ಕೂಕಾಲಿಗೆ ಎರಡನೆಯದು ಬಂತು. ದುಡ್ಡಿನ ಕಾರು. ಬೂದು ಬಣ್ಣದ ಸೀಟು. ತಂದಿದ್ದು ಜಯನಗರದ ಒಬ್ಬ ಮೇಡಂ, ಅರವತ್ತರ ಹತ್ತಿರ ವಯಸ್ಸು. ಕಾರು ಮಗನದು, ಮಗ ವಿದೇಶದಲ್ಲಿ. ಮೈಸೂರಿನಿಂದ ಬರುವಾಗ ಒಂದು ಹಂಪ್ ಹಾರಿ ಪಕ್ಕದ ಸೀಟಿನ ಮೇಲೆ ಫ್ಲಾಸ್ಕಿನ ಕಾಫಿ ಚೆಲ್ಲಿತ್ತು. "ಬೆಳಿಗ್ಗೆ ಗೃಹಪ್ರವೇಶಕ್ಕೆ ಹೋಗ್ಬೇಕಪ್ಪ, ಆರೂವರೆಗೆ ಬರ್ತೀನಿ" ಅಂದರು. ಜಾಬ್ ಕಾರ್ಡ್ ಬಂತು. ಇಂಟೀರಿಯರ್ ಫುಲ್, ಫ್ಯಾಬ್ರಿಕ್, 90 ನಿಮಿಷ.

ಹುಡುಗ ಸೀಟಿನ ಮೇಲೆ ಕೈಯಾಡಿಸಿದ. ಹಿಂದಕ್ಕೆ ಸವರಿದರೆ ಬಣ್ಣ ಕಪ್ಪಗೆ, ಮುಂದಕ್ಕೆ ಸವರಿದರೆ ತಿಳಿ. ಇನ್ನೊಂದು ಸಲ ಸವರಿ ನೋಡಿದ.

"ಅಣ್ಣಾ, ಇದು ಬಟ್ಟಿ ಅಲ್ರಿ. ಮಕಮಲ್ ಇದ್ದಂಗ ಅದ. ಮೊದ್ಲ ಒಂದ್ ಮೂಲ್ಯಾಗ ನೋಡೂಣ್ರಿ."

ಟೆಸ್ಟ್ ಸ್ಪಾಟ್ ಮಾಡು ಅಂತ ಅವನಿಗೆ ಕಲಿಸಿದ್ದೇ ನಾನು. ಆದರೆ ಅವತ್ತು ಕೊಂಬು ಇತ್ತಲ್ಲ.

"ಕಾರ್ಡಲ್ಲಿ ಏನಿದೆ ಓದು."

"ಫ್ಯಾಬ್ರಿಕ್."

"ಮತ್ತೆ? ಮೆಷಿನ್ ಎಳ್ಕೊಂಡು ಬಾ."

ಎಪಿಸಿ ನೇರವಾಗಿ ಕಲೆ ಮೇಲೆ ಹೊಡೆದೆ. ಬೆಳಿಗ್ಗೆಯದೇ ಬಾಟಲಿ, ಒಂದಕ್ಕೆ ಹತ್ತು. ಬೆಳಿಗ್ಗೆಯದೇ ಡ್ರಿಲ್ ಬ್ರಷ್. ಇಪ್ಪತ್ತು ಸೆಕೆಂಡ್ ತಿರುಗಿಸಿರಬಹುದು, ಅಷ್ಟೇ. ಕೈಗೆ ಏನೋ ಬೇರೆ ಅನ್ನಿಸಿತು. ಬಟ್ಟೆ ಮೇಲೆ ಬ್ರಷ್ ಜಾರುತ್ತದೆ, ಇಲ್ಲಿ ತಡವರಿಸುತ್ತಿತ್ತು. ನಿಲ್ಲಿಸಬೇಕಿತ್ತು. ನಿಲ್ಲಿಸದೆ ಎಕ್ಸ್‌ಟ್ರಾಕ್ಟರ್ ಇಟ್ಟು ನೀರು ಬಿಟ್ಟು ಎಳೆದೆ. ಕಾಫಿ ಬಣ್ಣ ಹೋಯಿತು. "ನೋಡಿದ್ಯಾ?" ಅಂದೆ. ಅವನು ಏನೂ ಹೇಳಲಿಲ್ಲ.

ಬ್ಲೋವರ್ ಹಿಡಿದು ಸ್ವಲ್ಪ ಒಣಗಿದ ಮೇಲೆ ಗೊತ್ತಾಯಿತು. ಕಲೆ ಇದ್ದ ಜಾಗದಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಉಂಗುರ. ಅಂಚು ಬೆಳ್ಳಗೆ, ಒಳಗೆ ಕೂದಲೆಲ್ಲ ಒಂದೇ ಕಡೆ ಮಲಗಿ ಅಂಟಿಕೊಂಡಿದೆ, ಈಗಷ್ಟೇ ಹುಟ್ಟಿದ ಕರುವಿನ ಮೈ ಹಾಗೆ. ನಡುವೆ, ಬ್ರಷ್ ಹೆಚ್ಚು ಹೊತ್ತು ನಿಂತ ಕಡೆ, ಹಳೆ ಸ್ವೆಟರಿನ ಹಾಗೆ ಗಂಟು ಗಂಟು.

ಟೈಮ್ ಐದು ನಲವತ್ತು.

ಬೆಳ್ಳನೆ ಅಂಚು ಎಲ್ಲಿಂದ ಬಂತು ಅನ್ನುವುದಕ್ಕೆ ಹೆಚ್ಚು ಯೋಚಿಸಬೇಕಿರಲಿಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯವರು ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದ ಮೇಲೆ ನಮ್ಮಲ್ಲಿ ಪೂರ್ತಿ ಬೋರ್‌ವೆಲ್ ನೀರೇ. ನಲ್ಲಿ ಬಾಯಿ ನೋಡಿದರೆ ಸಾಕು, ಬಿಳಿ ಉಪ್ಪು ಕಟ್ಟಿರುತ್ತದೆ. ಬಾಡಿ ಮೇಲಾದರೆ ಒರೆಸಿ ಬಿಡುತ್ತೇವೆ. ಸೀಟಿನಲ್ಲಿ ನೀರು ಅಂಚಿಗೆ ಹರಿದು ಒಣಗುತ್ತದೆ, ಉಪ್ಪೂ ಸೋಪೂ ಕೊಳೆಯೂ ಅಂಚಿನಲ್ಲೇ ಸಾಲಾಗಿ ನಿಲ್ಲುತ್ತವೆ.

ಆಗ ನಾನು ಮಾಡಿದ್ದು ಇನ್ನೂ ದೊಡ್ಡ ದಡ್ಡತನ. ಪೂರ್ತಿ ಒಣಗಿದರೆ ಕೂದಲು ಎದ್ದು ನಿಲ್ಲಬಹುದು ಅಂತ ಹೀಟ್ ಗನ್ ತಂದೆ. ಸ್ಟಿಕರ್ ಬಿಡಿಸುವ ಹೀಟ್ ಗನ್. ಸ್ವಿಚ್ ಒತ್ತಿ ಸೀಟಿನ ಹತ್ತಿರ ತರುತ್ತಿದ್ದೆ, ಗನ್ ಗೊರ್ ಅಂದು ನಿಂತಿತು. ತಿರುಗಿ ನೋಡಿದರೆ ಹುಡುಗ ಗೋಡೆ ಹತ್ತಿರ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾನೆ.

"ಬ್ಯಾಡ್ರಿ ಅಣ್ಣಾ. ಸುಟ್ಟರ ಮುಗೀತು."

ನಾನು ಅವನಿಗೆ ಬೈದೆ. ಏನು ಬೈದೆ ಅಂತ ಇಲ್ಲಿ ಬರೆಯುವುದಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯವರು ಬಂದು ನೋಡಿದರು. ಹುಡುಗ ಪ್ಲಗ್ ಮಾತ್ರ ಬಿಡಲಿಲ್ಲ. ಅವನು ಬಂದು ಎಂಟು ತಿಂಗಳು. ಸಂಬಳ ಹೇಳಿದರೆ ನಾಚಿಕೆಯಾಗುತ್ತದೆ. ಆ ಕೆಲಸ ಹೋದರೂ ಪರವಾಗಿಲ್ಲ ಅನ್ನುವ ಹಾಗೆ ನಿಂತಿದ್ದ.

ನಾನು ಹೋಗಿ ಟೈರ್ ಮೇಲೆ ಕೂತೆ. ಆರೇಳು ನಿಮಿಷ ಏನೂ ಮಾಡಲಿಲ್ಲ. ಅವತ್ತು ಇಡೀ ಸಂಜೆಯಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ ಇರಬೇಕು.

ಆಮೇಲೆ ಆಫೀಸಿನ ಇಪ್ಪತ್ತು ಲೀಟರಿನ ಕ್ಯಾನಿನಿಂದ ಒಂದು ಚೊಂಬು ನೀರು ಬಗ್ಗಿಸಿಕೊಂಡೆವು. ಜಲಮಂಡಳಿಯವರು ಕ್ಷಮಿಸಲಿ, ಒಂದೇ ಚೊಂಬು. ಬಿಳಿ ಬಟ್ಟೆ ಅದ್ದಿ, ಹನಿ ಬೀಳದ ಹಾಗೆ ಹಿಂಡಿ, ಉಜ್ಜದೆ ಒತ್ತುತ್ತಾ ಹೋದೆವು. ಕಲೆ ಜಾಗ ಮಾತ್ರ ಅಲ್ಲ, ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆವರೆಗೆ ಇಡೀ ಪ್ಯಾನೆಲ್. ಅರ್ಧಕ್ಕೆ ನಿಲ್ಲಿಸಿದರೆ ನಿಲ್ಲಿಸಿದ ಕಡೆ ಇನ್ನೊಂದು ಉಂಗುರ. ಬಟ್ಟೆ ಹಳದಿಯಾದ ಹಾಗೆ ಬದಲಾಯಿಸಿದೆವು, ಒಟ್ಟು ಒಂಬತ್ತು ಬಟ್ಟೆ. ಆ ಹಳದಿ ಕಾಫಿಯದಲ್ಲ, ನನ್ನ ಎಪಿಸಿ ಎಬ್ಬಿಸಿದ ಹಳೆ ಕೊಳೆ. ಆಮೇಲೆ ತಣ್ಣನೆ ಗಾಳಿಯ ಫ್ಯಾನ್. ಪುಣ್ಯಕ್ಕೆ ಅದು ತೂತಿನ ಸೀಟಲ್ಲ. ಗಾಳಿ ಬರುವ ಸೀಟಾಗಿದ್ದರೆ ಒಳಗಿನ ಮೋಟರಿಗೂ ನೀರು ಕುಡಿಸಿರುತ್ತಿದ್ದೆ.

ಮೇಡಂ ಆರು ಇಪ್ಪತ್ತಕ್ಕೇ ಬಂದರು. ಹೊರಗೆ ಮಳೆ, ಒಳಗೆ ಮಬ್ಬು. ನಾನು ಒಂದು ಕಳ್ಳ ಕೆಲಸ ಮಾಡಿದ್ದೆ. ಬೇ ಲೈಟ್ ಒಂದು ಆರಿಸಿ, ಸೀಟಿನ ಮೇಲೆ ನಮ್ಮ ಪೇಪರ್ ಮ್ಯಾಟ್ ಹಾಸಿ, ಅದರ ಮೇಲೆ ಬಿಲ್ ಇಟ್ಟಿದ್ದೆ. ಮೇಡಂ ಬಿಲ್ ಎತ್ತಿದರು, ಮ್ಯಾಟ್ ಎತ್ತಿದರು. ಕನ್ನಡಕ ಹಾಕಿಕೊಳ್ಳಲೇ ಇಲ್ಲ, ಬೆರಳಲ್ಲಿ ಸವರಿದರು.

"ಇದೇನಪ್ಪಾ, ಬೆಕ್ಕು ನೆಕ್ಕಿದ ಹಾಗಿದೆ?"

ಹುಡುಗನಿಗೆ ನಗು ತಡೆಯಲಾಗಲಿಲ್ಲ, ಎಕ್ಸ್‌ಟ್ರಾಕ್ಟರ್ ಹಿಂದೆ ಹೋದ. ನನ್ನ ಬಾಯಿಗೆ ಮೂರು ಸುಳ್ಳು ಬಂದವು. ಒದ್ದೆ ಇದೆ ಮೇಡಂ, ಒಣಗಿದರೆ ಸರಿಹೋಗುತ್ತೆ. ಮೊದಲೇ ಹಾಗಿತ್ತು ಮೇಡಂ. ಇದರ ಮೆಟೀರಿಯಲ್ಲೇ ಹೀಗೆ ಮೇಡಂ. ಮೂರನೆಯದನ್ನು ಅರ್ಧ ಹೇಳಿಯೂ ಬಿಟ್ಟೆ. ಅವರು ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ನಲವತ್ತು ವರ್ಷ ಮೇಷ್ಟರಾಗಿದ್ದವರ ನೋಟ ಅದು, ಆಮೇಲೆ ಗೊತ್ತಾಯಿತು. "ನಂದೇ ತಪ್ಪು ಮೇಡಂ, ಬ್ರಷ್ ಹಾಕಬಾರದಿತ್ತು" ಅಂದೆ. ಬೈಯಲಿಲ್ಲ. ದುಡ್ಡೂ ಕೊಡಲಿಲ್ಲ. "ಮಂಗಳವಾರ ಮನೆಗೆ ಬಂದು ಸರಿ ಮಾಡು" ಅಂದು ಪೇಪರ್ ಮ್ಯಾಟ್ ಸಮೇತ ಕಾರು ತೆಗೆದುಕೊಂಡು ಹೋದರು.

ಅವತ್ತು ರಾತ್ರಿ ನಿದ್ದೆ ಬರದೆ ಫೋನ್ ಹಿಡಿದು ಓದಿದೆ. ಮೊದಲೇ ಓದಬೇಕಿತ್ತು ಅನ್ನಿ. ಆ ಮಕಮಲ್ಲಿನಂಥ ಸೀಟಿಗೆ ಅಲ್ಕಾಂತಾರಾ ಅಂತ ಹೆಸರು. ಅದು ಯಾವುದೋ ಜಿಂಕೆ ಚರ್ಮ ಇರಬೇಕು ಅಂತ ನಮ್ಮಲ್ಲಿ ಎಷ್ಟೋ ಜನ ಅಂದುಕೊಂಡಿದ್ದಾರೆ, ನಾನೂ ಅವರಲ್ಲೊಬ್ಬ. ಚರ್ಮ ಚೂರೂ ಇಲ್ಲ. 1970ರಲ್ಲಿ ಜಪಾನಿನ ಟೋರೇ ಕಂಪನಿಯ ಮಿಯೋಶಿ ಒಕಾಮೊಟೊ ಅನ್ನುವವರು ಕಂಡುಹಿಡಿದ ಬಗೆ ಅದು. ಇಟಲಿಯಲ್ಲಿ ಅಲ್ಕಾಂತಾರಾ ಕಂಪನಿ ಶುರುವಾಗಿದ್ದು 1972ರಲ್ಲಿ. ಸುಮಾರು 68 ಪಾಲು ಪಾಲಿಯೆಸ್ಟರ್, 32 ಪಾಲು ಪಾಲಿಯುರೆಥೇನ್. ಅಂದರೆ ಒಂದು ಲೆಕ್ಕದಲ್ಲಿ ನನ್ನ ಹೆಂಡತಿಯ ಸಿಂಥೆಟಿಕ್ ಸೀರೆಗೂ ಸೀಟಿನ ಫೋಮಿಗೂ ಹುಟ್ಟಿದ ಮಗು. ಆದರೆ ಎಳೆ ನಮ್ಮ ತಲೆಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ. ಆ ಎಳೆ ಬಿಡಿಬಿಡಿಯಾಗಿ ನಿಂತಿರುವುದರಿಂದಲೇ ಅದು ಮಕಮಲ್ಲಿನ ಹಾಗೆ ಕಾಣುವುದು. ಅಂಥದಕ್ಕೆ ನಾನು ಡ್ರಿಲ್ ಹಿಡಿದಿದ್ದೆ. ನೇರ ಸ್ಟೀಮ್ ಬೇಡ, ನೀರು ಸುರಿಯಬೇಡಿ, ಗಟ್ಟಿಯಾಗಿ ಉಜ್ಜಬೇಡಿ, ಕಲೆಯನ್ನು ಅಂಚಿನಿಂದ ಒಳಕ್ಕೆ ಒತ್ತಿ ತೆಗೆಯಿರಿ ಅಂತ ಎಲ್ಲ ಬರೆದಿತ್ತು. ಮಲ್ಲಿಗೆ ಹೂವು ಹಿಡಿಯುವುದಕ್ಕೆ ಹೇಳಿಕೊಟ್ಟ ಹಾಗೆ. ಲೆದರ್ ಕಂಡೀಷನರ್ ಹತ್ತಿರಕ್ಕೂ ತರುವ ಹಾಗಿಲ್ಲ, ಎಳೆಗಳೆಲ್ಲ ಜಿಡ್ಡು ಹಿಡಿದು ಅಂಟಿಕೊಳ್ಳುತ್ತವೆ. ನಮ್ಮಲ್ಲಿ ಅದನ್ನೂ ಮಾಡಿದವರಿದ್ದಾರೆ, ಹೆಸರು ಬೇಡ.

ಮಂಗಳವಾರ ಹುಡುಗನನ್ನೂ ಕರೆದುಕೊಂಡು ಜಯನಗರಕ್ಕೆ ಹೋದೆ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್, ಹತ್ತು ಹೊಸ ಬಿಳಿ ಬಟ್ಟೆ, ಮೆತ್ತನೆಯ ಬ್ರಷ್, ಎರಡು ನಿಂಬೆಹಣ್ಣು. ಉಂಗುರ ಅಷ್ಟರಲ್ಲಿ ಮುಕ್ಕಾಲು ಹೋಗಿತ್ತು. ಉಳಿದಿದ್ದ ಮಸುಕು ಕಲೆಗೆ ನಿಂಬೆರಸ ಅದ್ದಿದ ಬಟ್ಟೆ ಒತ್ತಿ, ತಕ್ಷಣ ನೀರಿನ ಬಟ್ಟೆಯಲ್ಲಿ ಹಲವು ಸಲ ಒತ್ತಿ ತೆಗೆದೆವು. ಮತ್ತೆ ಇಡೀ ಪ್ಯಾನೆಲ್, ಹೊಲಿಗೆಯಿಂದ ಹೊಲಿಗೆಗೆ. ಒಣಗುವವರೆಗೆ ಮೆಟ್ಟಿಲ ಮೇಲೆ ಕೂತೆವು. ಕೈಗೆ ಒಂದಿಷ್ಟೂ ಒದ್ದೆ ತಗುಲದ ಮೇಲೆ ಹುಡುಗನ ಕೈಗೆ ಬ್ರಷ್ ಕೊಟ್ಟೆ. ಅವನು ಮಗುವಿನ ತಲೆ ಬಾಚಿದ ಹಾಗೆ ಬಾಚಿದ. ಎಳೆ ಎದ್ದವು. ಗಂಟುಗಟ್ಟಿದ ಜಾಗ ಮಾತ್ರ, ಹೆಬ್ಬೆರಳಿನಷ್ಟು, ಹಾಗೇ ಉಳಿಯಿತು. ಅದು ಯಾವ ನಿಂಬೆಹಣ್ಣಿಗೂ ಹೋಗುವುದಲ್ಲ.

ಮೇಡಂ ಎರಡು ಲೋಟ ಕಾಫಿ ತಂದರು. "ಅಲ್ಲಿ ಗೇಟ್ ಹತ್ತಿರ ನಿಂತು ಕುಡೀರಿ" ಅಂದರು. ಕಾರಿಗೂ ಗೇಟಿಗೂ ಇಪ್ಪತ್ತು ಅಡಿ.

ಓನರ್‌ಗೆ ಆ ಶನಿವಾರದ ನಷ್ಟಕ್ಕಿಂತ ಕುಡಿಯುವ ನೀರಿನ ಕ್ಯಾನ್‌ನಲ್ಲಿ ನೀರು ಕಡಿಮೆಯಾಗಿದ್ದು ಯಾಕೆ ಅನ್ನುವುದೇ ದೊಡ್ಡ ವಿಷಯವಾಗಿತ್ತು. ರೇಟ್ ಕಾರ್ಡೂ ಬದಲಾಗಲಿಲ್ಲ, 90 ನಿಮಿಷವೂ ಬದಲಾಗಲಿಲ್ಲ. ಒದ್ದೆ ಸೀಟು 90 ನಿಮಿಷದಲ್ಲಿ ಒಣಗಬೇಕು ಅಂತ ಮೋಡಕ್ಕೆ ಯಾರು ಹೇಳುತ್ತಾರೋ. ಆ್ಯಪ್‌ನಲ್ಲಿ ಈಗಲೂ ಮೂರೇ ಆಯ್ಕೆ. ಹಾಗಾಗಿ ಗಾಡಿ ಬಂದ ತಕ್ಷಣ ಹುಡುಗ ಮೊದಲು ಹೋಗಿ ಸೀಟು ಸವರುತ್ತಾನೆ. ಬಣ್ಣ ಬದಲಾದರೆ ರಿಮಾರ್ಕ್ಸ್ ಕಾಲಂನಲ್ಲಿ 'ಮಕಮಲ್' ಅಂತ ಟೈಪ್ ಮಾಡುತ್ತಾನೆ. ಅದು ಬಿದ್ದ ಕಾರ್ಡಿಗೆ ಡ್ರಿಲ್ ಬ್ರಷ್ ಹೊರಗೆ ಬರುವುದಿಲ್ಲ, ನಾನೇ ಕೇಳಿದರೂ ಅವನು ಕೊಡುವುದಿಲ್ಲ.

ಹೋದ ವಾರ ಓನರ್ ಹಳೆ ಕಾರ್ಡುಗಳನ್ನು ನೋಡುತ್ತಾ ಕೂತಿದ್ದರು. ನನ್ನನ್ನು ಕರೆದರು.

"ಏನೋ ಇದು ಮಕಮಲ್ ಮಕಮಲ್ ಅಂತ ಹಾಕಿದ್ದೀರಾ?"

ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಹೆಸರು ಚೆನ್ನಾಗಿದೆ. ಇದಕ್ಕೆ ಐನೂರು ಜಾಸ್ತಿ ಹಾಕ್ಬಹುದಾ?"