ಮಳೆಗಾಲ, ರೇನ್‌ಕೋಟು, ರಿವಾಲ್ವರು

ತೋಟದ ಆಳುಗಳಿಗೆ ಕೊಡೋ ಬಟವಾಡೆ ದುಡ್ಡು ತರೋ ದಿನ ಸಕಲೇಶಪುರ, ಮೂಡಿಗೆರೆ ಕಡೆ ಲೈಸೆನ್ಸ್ ಇರೋರು ರಿವಾಲ್ವರನ್ನ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸ್ವೆಟರು, ಅದರ ಮೇಲೆ ರೇನ್‌ಕೋಟು, ಗುಂಡಿ ಎಲ್ಲ ಬಿಗಿದು ಹೊರಡ್ತಾರೆ. ಬೀರುವಲ್ಲೇ ಬಿಟ್ಟು ಬಂದ ಹಾಗೇ ಲೆಕ್ಕ.

ಚಾಕು ಹಿಡಿದವನು 21 ಅಡಿ ಓಡಿ ಬರೋಕೆ ಸುಮಾರು ಒಂದೂವರೆ ಸೆಕೆಂಡ್ ಸಾಕು ಅಂತ 1983ರಲ್ಲೇ ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯುಲರ್ ತೋರಿಸಿದ್ದ. ಅಷ್ಟರಲ್ಲಿ ಗುಂಡಿ ಬಿಚ್ಚಬೇಕು, ಸ್ವೆಟರ್ ಎತ್ತಬೇಕು. ರಿವಾಲ್ವರಿನ ಹಿಂದೆ ಚಾಚಿಕೊಂಡಿರೋ ಹ್ಯಾಮರ್ ಉಣ್ಣೆಗೆ ಸಿಕ್ಕಿಕೊಂಡರೆ ಮುಗೀತು. ಹಾಗಾಗಿ ಮೊದಲ ಕೆಲಸ ಕಾಲಿನದು: ಪಕ್ಕಕ್ಕೆ ಸರಿದು ಜೀಪಿನ ಬಾನೆಟ್ಟನ್ನ ನಡುವೆ ತಂದುಕೊಳ್ಳೋದು. ಎಡಗೈ ಬಟ್ಟೆಯನ್ನ ಎದೆವರೆಗೂ ಎಳೆದ ಮೇಲೇ ಬಲಗೈ ಹಿಡಿಗೆ. ಗುರಿ ಕೂರೋವರೆಗೂ ಬೆರಳು ಟ್ರಿಗರ್ ಗಾರ್ಡಿನ ಹೊರಗೇ. ಗಾಬರಿಯಲ್ಲಿ ಡಬಲ್ ಆ್ಯಕ್ಷನ್ನಿನ (ಹ್ಯಾಮರ್ ಎತ್ತೋದು, ಬಿಡೋದು ಎರಡನ್ನೂ ಟ್ರಿಗರೇ ಮಾಡೋ) ಬಿಗಿ ಟ್ರಿಗರನ್ನ ಜಗ್ಗಿದರೆ ಬಲಗೈಯವರ ಗುಂಡು ಸಾಮಾನ್ಯವಾಗಿ ಕೆಳಗೆ, ಎಡಕ್ಕೆ ಹೋಗುತ್ತೆ.

ಮನೇಲಿ ಇದನ್ನ ಅಭ್ಯಾಸ ಮಾಡೋದಾದರೆ ರಿವಾಲ್ವರಿನಲ್ಲಿ ತೋಟಾ ಕೂರೋ ಆರೂ ಕೋಣೆ ಖಾಲಿ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ, ತೋಟಾಗಳನ್ನ ಬೇರೆ ರೂಮಲ್ಲಿಡಿ.

ಭಾರತೀಯ ನ್ಯಾಯ ಸಂಹಿತೆಯ 38ನೇ ಕಲಂ ಎದುರಿನವನ ಪ್ರಾಣ ಹೋಗುವಷ್ಟು ಆತ್ಮರಕ್ಷಣೆಗೂ ಅವಕಾಶ ಕೊಡುತ್ತೆ, ಆದರೆ ಅದು ಪ್ರಾಣಭಯ, ತೀವ್ರ ಗಾಯದ ಭಯದಂಥ ಸಂದರ್ಭಕ್ಕೆ. ಚೀಲ ಕಿತ್ಕೊಂಡು ಓಡ್ತಿರೋನ ಬೆನ್ನಿಗೆ ಹೊಡೆದು ಅದನ್ನ ನೆಚ್ಚಿಕೊಳ್ಳೋಕಾಗಲ್ಲ. ದುಡ್ಡು ಬಿಟ್ಟು ಓಡೋದು ಅವಮಾನ ಅನ್ನಿಸೋರ ಸೊಂಟದಲ್ಲಿ ರಿವಾಲ್ವರ್ ಇರಲೇಬಾರದು ಅಂತ ಒಮ್ಮೊಮ್ಮೆ ಅನ್ನಿಸುತ್ತೆ.

ಇನ್ನು ನಮ್ಮ ಮಳೆ. ರಿವಾಲ್ವರ್ ಇಡೋ ಚರ್ಮದ ಹೋಲ್‌ಸ್ಟರ್ ತೇವ ಹಿಡಿದಿಟ್ಟುಕೊಳ್ಳುತ್ತೆ, ರಾತ್ರಿ ಅದರಲ್ಲೇ ಬಿಟ್ಟರೆ ತುಕ್ಕು ಗ್ಯಾರಂಟಿ. ರಿವಾಲ್ವರಿಗೆ ಎಣ್ಣೆ ತೆಳುವಾಗಿ ಸವರಿ, ತೋಟಾಗೆ ಮಾತ್ರ ತಾಗಿಸಬೇಡಿ. ತೋಟಾದ ತಳದಲ್ಲಿ ಕಿಡಿ ಹೊತ್ತಿಸೋ ಪ್ರೈಮರ್‌ಗೆ ಇಳಿದರೆ ಸಿಡಿಯದೇ ಹೋಗಬಹುದು. ಕಾಡಾನೆ ಎದುರಾದರೆ .32 ರಿವಾಲ್ವರನ್ನ ಮುಟ್ಟಲೇಬೇಡಿ, ಜೀಪು ರಿವರ್ಸ್ ಹಾಕಿ.