ಕೇರಳದಲ್ಲಿ ಕೂಲಿ ಸಾವಿರ ರೂಪಾಯಿಯಂತೆ, ನಿಮಗೇನು ಕಷ್ಟ?

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು ಎಂದರೆ ಸಾಕು, ಬೆಂಗಳೂರಿನ ನೆಂಟರಿರಲಿ, ಪುತ್ತೂರಿನ ಸ್ನೇಹಿತರಿರಲಿ, ಈ ಪ್ರಶ್ನೆ ಬಂದೇ ಬರುತ್ತದೆ. ನಿಮ್ಮಲ್ಲಿ ಒಂದಾಳಿಗೆ ದಿನಕ್ಕೆ ಸಾವಿರ ಕೊಡಬೇಕಂತೆ, ಮತ್ತೆ ಕೂಲಿಯವರು ಸಾಲ ಸಾಲ ಎನ್ನುವುದು ಯಾಕೆ?

ಕೇಳುವವರ ಲೆಕ್ಕ ಸುಳ್ಳಲ್ಲ. ರಿಸರ್ವ್ ಬ್ಯಾಂಕಿನ ಅಂಕಿ-ಅಂಶದ ಪ್ರಕಾರ 2022-23ರಲ್ಲಿ ಕೇರಳದ ಹಳ್ಳಿಗಳ ಕಟ್ಟಡ ಕಾರ್ಮಿಕನ ಸರಾಸರಿ ದಿನಗೂಲಿ 852.50 ರೂಪಾಯಿ. ದೇಶದ ಸರಾಸರಿ 393.30. ಆದರೆ ಹಿಂದಿನ ವರ್ಷದ ಅಂಕಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಅದು 837.70. ವರ್ಷಕ್ಕೆ ಏರಿದ್ದು ಹದಿನೈದು ರೂಪಾಯಿಯೂ ಇಲ್ಲ, ನೂರಕ್ಕೆ ಎರಡರಷ್ಟೂ ಇಲ್ಲ. ಅದೇ ವರ್ಷ ದೇಶದಲ್ಲಿ ಬೆಲೆಗಳು ಏರಿದ್ದು ಶೇ. 6ಕ್ಕಿಂತ ಹೆಚ್ಚು.

ಇನ್ನೊಂದು, ಅದು ಕೆಲಸ ಸಿಕ್ಕಿದ ದಿನದ ಕೂಲಿ. ಜೂನ್‌ನಲ್ಲಿ ಮಳೆ ಹಿಡಿದರೆ ಕೆಂಪುಕಲ್ಲಿನ ಕೋರೆಯಲ್ಲಿ ನೀರು ನಿಲ್ಲುತ್ತದೆ, ಸಾರಣೆ ಕೆಲಸ ನಿಲ್ಲುತ್ತದೆ, ಪೈಂಟರ್ ಮನೆಯಲ್ಲಿ ಕೂರುತ್ತಾನೆ. ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಮದ್ದು ಬಿಡುವವನಿಗೆ ಆಗ ಬೇಡಿಕೆ, ಅದೂ ಮಳೆ ಬಿಟ್ಟ ಹೊತ್ತಿನಲ್ಲಿ ಮಾತ್ರ. ಶಾಲೆ ಶುರುವಾಗುವುದೂ ಜೂನ್‌ನಲ್ಲೇ. ಕೊಡೆ, ಚೀಲ, ಸಮವಸ್ತ್ರ, ಬಸ್ಸಿನ ದುಡ್ಡು ಎಲ್ಲ ಕೆಲಸ ಇಲ್ಲದ ತಿಂಗಳಿಗೇ ಬಂದು ಬೀಳುತ್ತವೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು, ಆ ಸಾವಿರದ ಲೆಕ್ಕದಲ್ಲಿ ಹೆಂಗಸರು ಇಲ್ಲವೇ ಇಲ್ಲ ಎನ್ನುವುದಕ್ಕೆ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕೇರಳಕ್ಕೆ ಗೊತ್ತು ಮಾಡಿದ ದಿನಗೂಲಿ 369 ರೂಪಾಯಿ. ಕರ್ನಾಟಕಕ್ಕೆ 370. ಹೌದು, ಗಡಿಯಿಂದಾಚೆಗಿಂತ ನಮ್ಮಲ್ಲಿ ಒಂದು ರೂಪಾಯಿ ಕಡಿಮೆ. ತೋಡಿನ ಹೂಳೆತ್ತುವವರು, ಕಾಡು ಸವರುವವರು ಹೆಚ್ಚಿನವರು ಹೆಂಗಸರೇ.

ಬೀಡಿಯದ್ದು ಇನ್ನೂ ಹಳೆಯ ಕತೆ. ಬೀಡಿ ಕೆಲಸಗಾರರ ಹಿತಕ್ಕೆಂದು ಮಾಡಿದ 1966ರ ಕಾನೂನನ್ನು ಕೇರಳ ಜಾರಿಗೆ ತಂದಾಗ, 1968ರಲ್ಲಿ ಮಂಗಳೂರಿನ ಬೀಡಿ ಧಣಿಗಳು ಕಣ್ಣೂರು ಭಾಗದ ತಮ್ಮ ಕೆಲಸಶಾಲೆಗಳನ್ನು ಮುಚ್ಚಿದರು. ಕೆಲಸ ಹೋದವರಿಗಾಗಿ 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರಿ ಹುಟ್ಟಿತು. ನಮ್ಮ ಮಂಜೇಶ್ವರ, ಕುಂಬಳೆ ಕಡೆ ಮಾತ್ರ ಬೀಡಿ ಮನೆಯ ಜಗಲಿಯಲ್ಲೇ ಉಳಿಯಿತು. ನಮ್ಮ ನೆರೆಮನೆಯಾಕೆ ಹಿಂದಿನ ರಾತ್ರಿಯೇ ಎಲೆ ನೆನೆಹಾಕುತ್ತಾರೆ. ಬೆಳಿಗ್ಗೆ ಗಂಜಿ ಬೇಯುವಾಗ ಅಳತೆಯ ತಗಡಿಟ್ಟು ಕತ್ತರಿಸುತ್ತಾರೆ, ಮಧ್ಯಾಹ್ನ ಗೆರಸೆ ಮಡಿಲಲ್ಲಿಟ್ಟು ಕೂತರೆ ಸಂಜೆಯವರೆಗೆ ಬೆನ್ನು ನೆಟ್ಟಗಾಗುವುದಿಲ್ಲ. ಸಾವಿರ ಬೀಡಿಗೆ ಕೂಲಿ ಎಂದು ಲೆಕ್ಕ, ಮನೆಗೆಲಸದ ನಡುವೆ ಅವರಿಂದ ಐನೂರು ದಾಟುವುದೇ ಕಷ್ಟ. ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿಗೆ ಕೊಂಡುಹೋದರೆ ಸರಿಯಿಲ್ಲ ಎಂದು ಒಂದಷ್ಟು ತೆಗೆದಿಡುತ್ತಾರೆ, ಎಲೆ ಸಾಲದೆ ಬಂದರೆ ಕೈಯಿಂದ ಹಾಕಿ ತರಬೇಕು. ಗಂಡ ಮೇಸ್ತ್ರಿ, ದಿನಕ್ಕೆ ಸಾವಿರದವನು. ಇಬ್ಬರದ್ದೂ ಸೇರಿಸಿ ತಿಂಗಳ ಲೆಕ್ಕ ಬರೆಯುವ ಪುಸ್ತಕವನ್ನು ಆಕೆ ನನಗೆ ತೋರಿಸಿದ್ದಾರೆ. ಕುಡುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಸಂಘದ ಸಾಲದ ಕಂತು ಮೇಲಿನ ಸಾಲಿನಲ್ಲಿ, ಮೀನು ಕೊನೆಯ ಸಾಲಿನಲ್ಲಿ. ಮಳೆಗಾಲದ ಪುಟಗಳಲ್ಲಿ ಮೀನಿನ ಸಾಲೇ ಇಲ್ಲ.

ಆಶಾ ಕಾರ್ಯಕರ್ತೆಯರು 2025ರ ಫೆಬ್ರವರಿಯಿಂದ ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ತಿಂಗಳುಗಟ್ಟಲೆ ಕೂತದ್ದು ನೆನಪಿರಬಹುದು. ಆಗ ರಾಜ್ಯ ಕೊಡುತ್ತಿದ್ದ ಗೌರವಧನ ತಿಂಗಳಿಗೆ 7,000 ರೂಪಾಯಿ. ಅಷ್ಟು ದಿನ ಕೂತದ್ದಕ್ಕೆ ಒಂದು ಸಾವಿರ ಹೆಚ್ಚಾಯಿತು.

ಖರ್ಚು ಯಾವ ಕಡೆಯಿಂದ ಬರುತ್ತದೆ ನೋಡಿ. ನಮ್ಮ ಅಕ್ಕಿ, ತರಕಾರಿ ಹೆಚ್ಚಿನದ್ದೂ ಹೊರರಾಜ್ಯದ ಲಾರಿಯಲ್ಲಿ ಬರುವುದು. ಸುತ್ತಲೂ ತೆಂಗಿದ್ದರೂ 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ದಾಟಿತು. ಆ ಆಗಸ್ಟ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ. 2ರ ಆಸುಪಾಸಿನಲ್ಲಿದ್ದರೆ ಕೇರಳದ್ದು ಶೇ. 9, ರಾಜ್ಯಗಳಲ್ಲೇ ಎಲ್ಲಕ್ಕಿಂತ ಮೇಲೆ. 2023ರ ಏಪ್ರಿಲ್‌ನಿಂದ ಪೆಟ್ರೋಲಿಗೆ ಲೀಟರಿಗೆ 2 ರೂಪಾಯಿ ಸೆಸ್ ಕೂಡ ಸೇರಿದೆ. ಮಂಗಳೂರು ದಾರಿಯ ತಲಪಾಡಿ ಗಡಿ ದಾಟುವವರು ಆಚೆಯ ಪಂಪಿನಲ್ಲೇ ಟ್ಯಾಂಕ್ ತುಂಬಿಸಿ ಬರುವುದು ಅದಕ್ಕೇ.

ರೇಷನ್ ಇದೆಯಲ್ಲ ಎನ್ನುತ್ತಾರೆ. ಇದೆ, ಅದರಿಂದ ಬದುಕಿದ ಮನೆಗಳನ್ನು ನಾನು ಬಲ್ಲೆ. ಆದರೆ ಮನೆ 1,000 ಚದರಡಿ ಮೀರಿದರೆ ಬಡವರಿಗೆಂದು ಇರುವ ಆದ್ಯತೆಯ ಕಾರ್ಡಿಲ್ಲ. ಕಲ್ಲು ಕಟ್ಟುವವನು ರಜೆಯ ದಿನಗಳಲ್ಲಿ ತಾನೇ ಕಟ್ಟಿಕೊಂಡ ಮನೆಗೂ ಅದೇ ಅಳತೆ.

ಇಷ್ಟೆಲ್ಲ ತೂಗಿಸಿಕೊಂಡು ಬಂದವರನ್ನೂ ಒಂದು ಕಾಯಿಲೆ ಮಲಗಿಸುತ್ತದೆ. ದೊಡ್ಡ ಚಿಕಿತ್ಸೆ ಎಂದರೆ ನಮಗೆ ಮಂಗಳೂರು. ರೋಗಿಯ ಜೊತೆಗೆ ಒಬ್ಬ ಹೋಗಬೇಕು, ಅವನ ಕೂಲಿ ಹೋಯಿತು, ಮೇಲೆ ಕಾರಿನ ಬಾಡಿಗೆ. 2020ರ ಕೊರೊನಾ ಲಾಕ್‌ಡೌನ್‌ನಲ್ಲಿ ಕರ್ನಾಟಕದವರು ಗಡಿಗೆ ಮಣ್ಣು ಸುರಿದು ತಲಪಾಡಿಯಲ್ಲಿ ಆಂಬುಲೆನ್ಸ್‌ಗಳನ್ನು ತಡೆದಾಗ ಆ ದಾರಿಯನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ಪ್ರಾಣ ಕಳೆದುಕೊಂಡರು. ಪೆರ್ಲದ ಹತ್ತಿರ ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಕೂಲಿ ಇನ್ನೆಷ್ಟು ಏರಬೇಕು ಎಂದು ನನ್ನನ್ನು ಕೇಳಿದರೆ, ಮೊದಲು ಆ ಆಸ್ಪತ್ರೆಯನ್ನು ಪೂರ್ತಿ ಮಾಡಿ, ಹಗಲೂ ರಾತ್ರಿಯೂ ನಡೆಸಿ ಎನ್ನುತ್ತೇನೆ. ಅಲ್ಲೇ ಪಕ್ಕದ ಎಣ್ಮಕಜೆಯ ಕೂಲಿಯವನಿಗೆ ಅದು ಐವತ್ತು ರೂಪಾಯಿ ಕೂಲಿ ಏರಿದ್ದಕ್ಕಿಂತ ದೊಡ್ಡದು.