ಅಜ್ಜಿಯ ಆ ಎರಡು ಗಂಟೆ

ಮೊನ್ನೆ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಮ್ಮ ತನ್ನ ಗಾರ್ಮೆಂಟ್ಸ್ ದಿನಗಳ ಮಾತು ತೆಗೆದಳು. ಸಂಜೆ ಮನೆಗೆ ಹೊರಟ ಹಾಗೆ ಎಲ್ಲರ ಕಾರ್ಡ್ ಪಂಚ್ ಮಾಡಿಸಿ, ಮತ್ತೆ ಎರಡು ಗಂಟೆ ಹೊಲಿಗೆ ಲೈನಿಗೆ ಕೂರಿಸುತ್ತಿದ್ದರಂತೆ. ಟಾರ್ಗೆಟ್ ಮುಗಿಯುವವರೆಗೆ ಏಳುವ ಹಾಗಿಲ್ಲ. ಅಮ್ಮನಿಗೆ ಇದು ಮಾಮೂಲಿ. ನನ್ನ ಪಕ್ಕ ಕೂತಿದ್ದ ಮಗಳು ಮಾತ್ರ, "ಹಾಗಾದ್ರೆ ಅಜ್ಜಿಯ ಆ ಎರಡು ಗಂಟೆ ಈಗ ಯಾರ ಹತ್ರ ಇದೆ?" ಎಂದಳು. ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಬೆಳೆದವಳು, ಹಾಗೆ ಕೇಳಿದ್ದು ಸಹಜವೇ. ನನ್ನ ಕೆಲಸದಲ್ಲಿ ಜಾಸ್ತಿ ದುಡಿದ ಗಂಟೆಗಳು ಖಾತೆಯಲ್ಲಿ ಜಮೆಯಾಗುತ್ತವೆ, ಆಮೇಲೆ ಅಷ್ಟು ಬಿಡುವು ತೆಗೆದುಕೊಳ್ಳಬಹುದು. ಶುಕ್ರವಾರ ನಾನು ಬೇಗ ಬಂದರೆ, "ಅಪ್ಪಾ, ಜಮೆಯಾದ ಗಂಟೆ ಖರ್ಚು ಮಾಡಿದ್ಯಾ?" ಅನ್ನುತ್ತಾಳೆ. ಜಾಸ್ತಿ ದುಡಿದ ಸಮಯ ಎಲ್ಲೋ ಕೂಡಿರಲೇಬೇಕು ಎಂಬುದು ಅವಳ ಲೆಕ್ಕ.

ಇಲ್ಲಿ ದಿನಕ್ಕೆ 8 ಗಂಟೆ ಕೆಲಸ. 10ರವರೆಗೆ ಹೋಗಬಹುದು, ಆದರೆ ಆರು ತಿಂಗಳ ಸರಾಸರಿ 8 ಮೀರಬಾರದು. ಸಮಯ ದಾಖಲಿಸುವ ವ್ಯವಸ್ಥೆಯನ್ನು ಕಂಪನಿಯೇ ಮಾಡಬೇಕೆಂದು ಯುರೋಪಿನ ನ್ಯಾಯಾಲಯ 2019ರಲ್ಲಿ ಹೇಳಿತು. ಕೇಸು ಹಾಕಿದ್ದು ಸ್ಪೇನಿನ ಕಾರ್ಮಿಕ ಸಂಘ. ದಾಖಲೆಯೇ ಇಲ್ಲದಿದ್ದರೆ ಎಷ್ಟು ಓಟಿ ಮಾಡಿದೆ ಅಂತ ಕೆಲಸಗಾರ ತೋರಿಸುವುದಾದರೂ ಹೇಗೆ, ಅಲ್ವಾ? 2022ರಲ್ಲಿ ಜರ್ಮನಿಯ ಕಾರ್ಮಿಕ ನ್ಯಾಯಾಲಯವೂ ಅದನ್ನೇ ಎತ್ತಿ ಹಿಡಿಯಿತು.

ನಮ್ಮಲ್ಲಿ ಕಾನೂನು ಇರಲಿಲ್ಲ ಅಂತಲ್ಲ. ದಿನಕ್ಕೆ 9 ಗಂಟೆ ದಾಟಿದರೆ ದುಪ್ಪಟ್ಟು ಕೂಲಿ ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅಮ್ಮನ ಕಾರ್ಖಾನೆಯಲ್ಲಿ ಗಡಿಯಾರವೂ ಇತ್ತು, ಕಾರ್ಡೂ ಇತ್ತು. ಆದರೆ ಆ ಲೆಕ್ಕ ಅವಳ ಕೈಗೆ ಸಿಗುತ್ತಿರಲಿಲ್ಲ. ಯಾರಾದರೂ ತಪಾಸಣೆಗೆ ಬಂದರೆ ಕಾರ್ಡಿನಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಮನೆಗೆ ಹೋಗಿರುತ್ತಿದ್ದರು! ನನ್ನ ಸಿಟ್ಟು ಇರುವುದು ಇಲ್ಲೇ. ಕೆಲಸಗಾರರ ಪರ ಸಾಕ್ಷಿ ಹೇಳಬೇಕಾದ ಯಂತ್ರವನ್ನೇ ಅವರ ವಿರುದ್ಧ ಸಾಕ್ಷಿ ಮಾಡಿದರು. ನನ್ನ ಸ್ಕೂಲ್ ಫೀಸು ಬಂದದ್ದು ಆ ಸಂಬಳದಿಂದಲೇ.

2025ರಲ್ಲಿ ನಮ್ಮ ರಾಜ್ಯದ ಅಂಗಡಿ, ಆಫೀಸುಗಳಲ್ಲಿ ಓಟಿ ಸೇರಿ ದಿನಕ್ಕೆ 12 ಗಂಟೆ ದುಡಿಸುವ ಪ್ರಸ್ತಾಪ ಬಂದಾಗ ನನಗೆ ಮೊದಲು ನೆನಪಾದದ್ದು ಅಮ್ಮನ ಕಾರ್ಡು. 9 ಗಂಟೆಯ ಲೆಕ್ಕವನ್ನೇ ನೆಟ್ಟಗೆ ಇಡದವರು 12ರ ಲೆಕ್ಕ ಇಡುತ್ತಾರಾ?

ಹಾಗಂತ ನಮ್ಮವರು ಸುಮ್ನೆ ಇರುವವರೂ ಅಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವುದಕ್ಕೆ ಅಡ್ಡಿ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಜನ ಬೀದಿಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನೇ ಕೈಬಿಟ್ಟಿತು. ಸೂಪರ್‌ವೈಸರ್ ಎದುರು ಬಾಯಿ ತೆರೆಯಲು ಹೆದರುತ್ತಿದ್ದ ನಮ್ಮಮ್ಮನೂ ಅವತ್ತು ಹೊಸೂರು ರಸ್ತೆಯಲ್ಲಿ ಕೂತಿದ್ದಳು.